ಫೌಜಿ ಬೋನಸ್, ಭತ್ಯೆ, ಪಿಂಚಣಿಗೆ ತೆರಿಗೆ: ಸಿಎ ಮೇಡಂ ಜೊತೆ ಪ್ರಶ್ನೋತ್ತರ (2025ರಲ್ಲಿ ನಡೆದದ್ದು; ನಿಯಮ, ಗಡುವು ಆಗಿನವು)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೋನಸ್‌ಗೆ ತೆರಿಗೆ ಇದೆಯೋ ಇಲ್ಲವೋ ಅಂತ ಗುಂಪಿನಲ್ಲಿ ದಿನಾ ವಾದ ನಡೀತಾ ಇದೆ. ಹಾಗಾಗಿ ಬೆಳಗಾವಿ ತಿಲಕವಾಡಿಯಲ್ಲಿ ಕಚೇರಿ ಇರುವ ಸಿಎ ಮೇಡಂ ಅವರನ್ನು ಕೇಳಿಕೊಂಡೆವು. ಗಣಪತಿ ಹಬ್ಬದ ಗದ್ದಲದಲ್ಲೂ ಒಪ್ಪಿದ್ದಾರೆ. ಈ ಸಲ ರಿಟರ್ನ್ ಸಲ್ಲಿಸಲು ಕೊನೆಯ ದಿನ 2025ರ ಸೆಪ್ಟೆಂಬರ್ 15. ಸೇವೆಯಲ್ಲಿರುವವರು, ನಿವೃತ್ತರು, ಮನೆಯವರು ಯಾರು ಬೇಕಾದರೂ ಕೇಳಬಹುದು. ಪ್ಯಾನ್ ನಂಬರ್, ಖಾತೆ ನಂಬರ್, ಯುನಿಟ್ ಹೆಸರು ಹಾಕಬೇಡಿ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ಸವದತ್ತಿ ನಾಯಕ್: ಮೇಡಂ ನಮಸ್ಕಾರ. ಕಳೆದ ದೀಪಾವಳಿ ಹೊತ್ತಿಗೆ ಬೋನಸ್ ಅಂತ 6,908 ರೂಪಾಯಿ ಬಂತು. ನನಗೂ ಅಷ್ಟೇ, ಹವಾಲ್ದಾರ್ ಸಾಹೇಬರಿಗೂ ಅಷ್ಟೇ. ಇದಕ್ಕೆ ತೆರಿಗೆ ಇದೆಯಾ? ರಿಟರ್ನ್‌ನಲ್ಲಿ ಬೇರೆ ತೋರಿಸಬೇಕಾ?

ಸಿಎ ಮೇಡಂ: ನಮಸ್ಕಾರ. ಒಳ್ಳೆಯ ಪ್ರಶ್ನೆ. ಇದು ಕೇಂದ್ರ ಸರ್ಕಾರದ ಅಡ್‌ಹಾಕ್ ಬೋನಸ್. ಗ್ರೂಪ್ ಸಿ ನೌಕರರಿಗೆ, ಗೆಜೆಟೆಡ್ ಅಲ್ಲದ ಗ್ರೂಪ್ ಬಿ ನೌಕರರಿಗೆ ಕೊಡುತ್ತಾರೆ. ಸೇನೆ ಮತ್ತು ಅರೆಸೇನಾ ಪಡೆಗಳ ಅರ್ಹ ಸಿಬ್ಬಂದಿಗೂ ಸೇರುತ್ತದೆ. ನಿಮ್ಮ ಮೂಲ ವೇತನ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ 7,000 ಮಾತ್ರ. 7,000 ಗುಣಿಸು 30, ಭಾಗಿಸು 30.4. ಬರುವುದು 6,907.89, ಅದನ್ನು 6,908 ಮಾಡುತ್ತಾರೆ. ಅದಕ್ಕೇ ನಿಮಗೂ ಹವಾಲ್ದಾರ್‌ಗೂ ಒಂದೇ.

ತೆರಿಗೆ ಇದೆ. ಬೋನಸ್ ಅಂದರೆ ಸಂಬಳವೇ. ಸಂಬಳ ಮತ್ತು ಹಿಡಿದ ತೆರಿಗೆಯ ಲೆಕ್ಕ ಇರುವ ಫಾರ್ಮ್ 16ರ ಒಟ್ಟು ಸಂಬಳದಲ್ಲಿ ಅದು ಸೇರಿರಬೇಕು. ಹಮ್‌ರಾಜ್ ಆ್ಯಪ್‌ನಲ್ಲಿ ಆ ತಿಂಗಳ ಪೇ ಸ್ಲಿಪ್ ತೆಗೆದು ಒಮ್ಮೆ ತಾಳೆ ನೋಡಿ. ಸೇರಿದ್ದರೆ ಮತ್ತೆ ಬೇರೆ ತೋರಿಸಬೇಡಿ, ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ.

ಗೋಕಾಕ ಸುಬೇದಾರ್ (ನಿವೃತ್ತ): ಮೇಡಂ, ಇದು ನೋಡಿ. ಬೇರೆ ಗುಂಪಿನಲ್ಲಿ ಬಂದಿದ್ದು: "ಎಲ್ಲಾ ಫೌಜಿಗಳಿಗೆ ಸಿಹಿ ಸುದ್ದಿ!! ಯುದ್ಧ ವಲಯದಲ್ಲಿ ಒಂದೇ ದಿನ ಇದ್ದರೂ ಆ ಇಡೀ ತಿಂಗಳ ಸಂಬಳ, ಬೋನಸ್ ಪೂರ್ತಿ ತೆರಿಗೆ ಮುಕ್ತ. ಅಲ್ಲಿ ಇರುವಾಗ ಸೇವೆ ಮುಂದುವರಿಸಲು ಸಹಿ ಹಾಕಿದರೆ ಬೋನಸ್‌ಗೆ ಒಂದು ಪೈಸೆ ತೆರಿಗೆ ಇಲ್ಲ. ಪಿಎಒಗೆ (ಸಂಬಳದ ಲೆಕ್ಕ ಕಚೇರಿ) ಅರ್ಜಿ ಕೊಡಿ. 10 ಜನರಿಗೆ ಕಳಿಸಿ." ಮೇ ತಿಂಗಳಲ್ಲಿ ಗಡಿಯಲ್ಲಿದ್ದವರಿಗೆ ಇದು ಅನ್ವಯ ಆಗುತ್ತೆ ಅಲ್ವಾ?

ಸಿಎ ಮೇಡಂ: ಸುಬೇದಾರ್ ಸಾಹೇಬರೇ, ಇದು ಅಮೆರಿಕದ ಕಾನೂನು. ಯಾರೋ ಅದನ್ನು ಕನ್ನಡಕ್ಕೆ ತಂದು ಮೇಲೆ ತಿರಂಗಾ ಅಂಟಿಸಿದ್ದಾರೆ. ಅಲ್ಲಿ ಸೈನಿಕರು ಒಪ್ಪಂದದ ಮೇಲೆ ಸೇರುತ್ತಾರೆ. ಅವಧಿ ಮುಗಿದು ಮತ್ತೆ ಸಹಿ ಹಾಕಿದರೆ ದೊಡ್ಡ ಮೊತ್ತದ ಬೋನಸ್ ಇದೆ. ಸರ್ಕಾರ ಘೋಷಿಸಿದ ಯುದ್ಧ ವಲಯದಲ್ಲಿ ಇದ್ದ ತಿಂಗಳಲ್ಲಿ ಸಹಿ ಹಾಕಿದರೆ ಆ ಬೋನಸ್ ತೆರಿಗೆಯಿಂದ ಹೊರಗೆ. ಒಂದು ದಿನ ಇದ್ದರೆ ಇಡೀ ತಿಂಗಳು ಎಂಬ ನಿಯಮವೂ ಅಲ್ಲಿಯದೇ. ಅಲ್ಲೂ ಅಧಿಕಾರಿಗಳಿಗೆ ಮಿತಿ ಇದೆ, ಪೂರ್ತಿ ವಿನಾಯಿತಿ ಕೆಳಗಿನ ರ‍್ಯಾಂಕಿನವರಿಗೆ ಮಾತ್ರ.

ನಮ್ಮಲ್ಲಿ ಆ ಬೋನಸ್ಸೂ ಇಲ್ಲ, ಆ ವಿನಾಯಿತಿಯೂ ಇಲ್ಲ. ನಮ್ಮಲ್ಲಿ ಗಡಿ ಸೇವೆಗೆ ಕೊಡುವುದು ಭತ್ಯೆ, ಅದರ ನಿಯಮ ಬೇರೆ. ಪಿಎಒಗೆ ಅರ್ಜಿ ಕೊಡಬೇಡಿ. ಕೊಟ್ಟವರು ಈಗಾಗಲೇ ಇದ್ದಾರೆ, ನಗುತ್ತಾರೆ ಅಷ್ಟೇ.

ಹುಕ್ಕೇರಿ ಹವಾಲ್ದಾರ್: ಮೇಡಂ, ಆ ಭತ್ಯೆ ಬಗ್ಗೆಯೇ ಕೇಳ್ತೀನಿ. ವರ್ಷಪೂರ್ತಿ ಹೈಲಿ ಆ್ಯಕ್ಟಿವ್ ಫೀಲ್ಡ್‌ನಲ್ಲಿದ್ದೆ (ಹೆಚ್ಚು ಅಪಾಯದ ಕಾರ್ಯಾಚರಣೆ ಪ್ರದೇಶ). ಒಟ್ಟು ಸಂಬಳ 9,60,000. ಫೀಲ್ಡ್ ಭತ್ಯೆಗೆ ವಿನಾಯಿತಿ ಸಿಗುತ್ತೆ ಅಂತ ಹಳೆ ತೆರಿಗೆ ಪದ್ಧತಿ ಆಯ್ಕೆ ಮಾಡು ಅಂತಾರೆ. 80ಸಿ ಅಡಿ (ಪಿಎಫ್, ವಿಮೆ ಥರದ ಉಳಿತಾಯ) ಒಂದೂವರೆ ಲಕ್ಷ ತುಂಬುತ್ತೆ. ಯಾವುದು ಲಾಭ?

ಸಿಎ ಮೇಡಂ: ಹೊಸ ಪದ್ಧತಿಯಲ್ಲಿ ಫೀಲ್ಡ್, ಎತ್ತರದ ಪ್ರದೇಶ, ಸಿಯಾಚಿನ್, ದ್ವೀಪ, ಯಾವ ಭತ್ಯೆಗೂ ವಿನಾಯಿತಿ ಇಲ್ಲ. ಹಳೆಯದರಲ್ಲಿ ಇದೆ, ಆದರೆ ಮಿತಿ ಬಹಳ ಹಳೆಯದು. ಹೈಲಿ ಆ್ಯಕ್ಟಿವ್ ಫೀಲ್ಡ್‌ಗೆ ತಿಂಗಳಿಗೆ 4,200, ಸಾಮಾನ್ಯ ಫೀಲ್ಡ್‌ಗೆ 2,600, ಮಾಡಿಫೈಡ್ ಫೀಲ್ಡ್‌ಗೆ 1,000. ಸಿಯಾಚಿನ್‌ಗೆ 7,000. 2017ರಲ್ಲಿ ಸಿಯಾಚಿನ್ ಭತ್ಯೆಯನ್ನು ಜವಾನರಿಗೆ 14,000ದಿಂದ 30,000ಕ್ಕೆ ಏರಿಸಿದರು. ವಿನಾಯಿತಿ ಮಾತ್ರ 7,000ದಲ್ಲೇ ನಿಂತಿದೆ. ಭತ್ಯೆ ಪೂರ್ತಿ ಮಾಫಿ ಎಂದು ನಂಬಿದವರು ಇಲ್ಲೇ ಎಡವುವುದು.

ಈಗ ನಿಮ್ಮ ಲೆಕ್ಕ. ಹಳೆಯದು: 9,60,000ದಿಂದ ಭತ್ಯೆ 50,400, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ 1,50,000 ಕಳೆದರೆ 7,09,600. ತೆರಿಗೆ ಸೆಸ್ ಸೇರಿ ಸುಮಾರು 56,600. ಹೊಸದು: 75,000 ಮಾತ್ರ ಕಳೆದು 8,85,000. ತೆರಿಗೆ ಸೆಸ್ ಸೇರಿ 40,040. ಹೊಸದೇ ಲಾಭ.

ಹುಕ್ಕೇರಿ ಹವಾಲ್ದಾರ್: ಅಯ್ಯೋ, ಒಂದು ಹೇಳೋದು ಮರೆತೆ. ಊರಲ್ಲಿ ಮನೆ ಕಟ್ಟಿಸಿದ್ದೀನಿ. ಸಾಲದ ಬಡ್ಡಿ ವರ್ಷಕ್ಕೆ 2 ಲಕ್ಷ ಹೋಗುತ್ತೆ.

ಸಿಎ ಮೇಡಂ: ಇದನ್ನು ಮೊದಲು ಹೇಳಬೇಕಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟಿಲ್ಲ ತಾನೇ? ಹಾಗಾದರೆ ಆ 2 ಲಕ್ಷ ಹಳೆಯ ಪದ್ಧತಿಯಲ್ಲಿ ಕಳೆಯುತ್ತದೆ. 5,09,600 ಉಳಿಯುತ್ತದೆ, ತೆರಿಗೆ ಸುಮಾರು 15,000. ಈಗ ಹಳೆಯದು ಲಾಭ. ಆದರೆ ಸೆಪ್ಟೆಂಬರ್ 15 ದಾಟಿದರೆ ಹಳೆಯ ಪದ್ಧತಿ ಸಿಗುವುದಿಲ್ಲ. ಪಿಎಒ ಹೊಸದರಂತೆ ತೆರಿಗೆ ಹಿಡಿದಿದ್ದರೂ ರಿಟರ್ನ್‌ನಲ್ಲಿ ಬದಲಿಸಬಹುದು.

ಉಳಿದವರು ಇದನ್ನು ನಕಲು ಮಾಡಬೇಡಿ. ನಿಮ್ಮ ಸಂಖ್ಯೆ ಬೇರೆ, ಉತ್ತರವೂ ಬೇರೆ.

ಅಥಣಿ ಅಗ್ನಿವೀರನ ಅಪ್ಪ: ಮಗ ಅಗ್ನಿವೀರ್ ಆಗಿ ಸೇರಿ ಎರಡು ವರ್ಷ ಆಯ್ತು. ನಾಲ್ಕು ವರ್ಷದ ಮೇಲೆ ಬರೋ ಸೇವಾ ನಿಧಿ ಹತ್ತು ಲಕ್ಷಕ್ಕೆ 30 ಪರ್ಸೆಂಟ್ ತೆರಿಗೆ ಅಂತ ಊರಲ್ಲಿ ಹೇಳ್ತಾರೆ. ಹೌದಾ?

ಸಿಎ ಮೇಡಂ: ಇಲ್ಲ. ಸೆಕ್ಷನ್ 10(12ಸಿ) ಪ್ರಕಾರ ಪೂರ್ತಿ ತೆರಿಗೆ ಮುಕ್ತ. ಊರಲ್ಲಿ ಹೇಳುವ 30 ಪರ್ಸೆಂಟ್ ಬೇರೆ. ಅದು ಅವನ ಸಂಬಳದಿಂದ ನಿಧಿಗೆ ಹೋಗುವ ಪಾಲು. ಸರ್ಕಾರ ಅಷ್ಟೇ ಸೇರಿಸುತ್ತದೆ. ಎರಡನ್ನೂ ಕಲಸಿಬಿಟ್ಟಿದ್ದಾರೆ.

ಸಾಂಬ್ರಾ ಏರ್‌ಮನ್: ಬೋನಸ್‌ಗೆ ತೆರಿಗೆ ಇದೆಯಾ ಮೇಡಂ?

ಸಿಎ ಮೇಡಂ: ಇದೆ. ಮೇಲೆ ಓದಿ.

ಹಿಂಡಲಗಾ ಮನೆಯವರು: ಮೇಡಂ, ನಮ್ಮ ಯಜಮಾನರು ವಿಶ್ವಸಂಸ್ಥೆ ಶಾಂತಿ ಪಡೆಯಲ್ಲಿ ಲೆಬನಾನ್‌ಗೆ ಹೋಗಿದ್ದರು. ಅಲ್ಲಿ ಡಾಲರ್ ಲೆಕ್ಕದಲ್ಲಿ ಸ್ವಲ್ಪ ಭತ್ಯೆ ಬಂತು. ಅದು ತೆರಿಗೆಗೆ ಬರುತ್ತಾ?

ರಾಮದುರ್ಗ ಸಿಪಾಯಿ: ಮೇಡಂ, ಇದನ್ನು ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಪ್ಲಟೂನಿನ ಬಹಳ ಜನ ಒಬ್ಬ ಏಜೆಂಟ್‌ಗೆ ಫಾರ್ಮ್ 16 ವಾಟ್ಸ್‌ಆ್ಯಪ್ ಮಾಡ್ತಾರೆ. ಕಟ್ಟಿದ ತೆರಿಗೆ ಎಲ್ಲಾ ವಾಪಸ್ ಬರುತ್ತೆ, ಅವನಿಗೆ 20 ಪರ್ಸೆಂಟ್. ನನಗೆ ಎರಡು ವರ್ಷ ಬಂದಿದೆ. ಈಗ ಇಲಾಖೆಯಿಂದ ಮೆಸೇಜ್ ಬಂದಿದೆ, ಕ್ಲೇಮ್ ಪರಿಶೀಲಿಸಿ ಸರಿಪಡಿಸಿ ಅಂತ. ಏಜೆಂಟ್ ಫೋನ್ ಎತ್ತುತ್ತಿಲ್ಲ.

ಸಿಎ ಮೇಡಂ: ಕೇಳಿದ್ದು ಒಳ್ಳೆಯದಾಯಿತು. ಪೋರ್ಟಲ್‌ಗೆ ಹೋಗಿ ನಿಮ್ಮ ರಿಟರ್ನ್ ಡೌನ್‌ಲೋಡ್ ಮಾಡಿ ಓದಿ. ರಾಜಕೀಯ ಪಕ್ಷಕ್ಕೆ ದೇಣಿಗೆ, ಶಿಕ್ಷಣ ಸಾಲದ ಬಡ್ಡಿ, ಗಂಭೀರ ಕಾಯಿಲೆಯ ಚಿಕಿತ್ಸೆ, ನಿಮ್ಮ ಅಪ್ಪನ ಮನೆಗೇ ನೀವು ಬಾಡಿಗೆ ಕಟ್ಟಿದ ಹಾಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ಇವುಗಳಲ್ಲಿ ಒಂದೋ ಎರಡೋ ಇರುತ್ತವೆ. ನೀವು ಕೊಡದ ದೇಣಿಗೆ, ನಿಮಗೆ ಇಲ್ಲದ ಕಾಯಿಲೆ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥ ಏಜೆಂಟ್‌ಗಳ ಮೇಲೆ ತಪಾಸಣೆ ಮಾಡಿತು. ಅಲ್ಲಿ ಸಿಕ್ಕ ಪಟ್ಟಿಗಳಲ್ಲಿ ಗಿರಾಕಿಗಳ ಪ್ಯಾನ್ ಇರುತ್ತದೆ ಎಂದುಕೊಂಡೇ ನಡೆಯಿರಿ.

ಏಜೆಂಟ್ ಮಾಡಿದ್ದು, ನನಗೆ ಗೊತ್ತಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ರಿಟರ್ನ್ ನಿಮ್ಮದು, ಓಟಿಪಿ ನೀವೇ ಕೊಟ್ಟಿದ್ದು. ಸುಳ್ಳು ಕ್ಲೇಮ್ ಎಂದು ಅವರೇ ಹಿಡಿದರೆ ಉಳಿಸಿದ ತೆರಿಗೆಯ 200 ಪರ್ಸೆಂಟ್ ತನಕ ದಂಡ ಇದೆ. ನೀವಾಗಿಯೇ ಹೋದರೆ ಐಟಿಆರ್-ಯು (ಹಿಂದಿನ ವರ್ಷದ ರಿಟರ್ನ್ ಸರಿಪಡಿಸುವ ಫಾರ್ಮ್) ಎಂಬ ದಾರಿ ಇದೆ. ತೆಗೆದುಕೊಂಡ ರಿಫಂಡ್, ಅದರ ಬಡ್ಡಿ, ಮೇಲೆ ಹೆಚ್ಚುವರಿ ತೆರಿಗೆ ಕಟ್ಟಬೇಕು. 2024-25ನೇ ಅಸೆಸ್‌ಮೆಂಟ್ ವರ್ಷಕ್ಕೆ (2024ರ ಮಾರ್ಚ್‌ಗೆ ಮುಗಿದ ವರ್ಷದ ಆದಾಯ) ಅದು 25 ಪರ್ಸೆಂಟ್, 2026ರ ಮಾರ್ಚ್ ತನಕ. ಅದರ ಹಿಂದಿನ ವರ್ಷಕ್ಕೆ 50. ತಡ ಮಾಡಿದಷ್ಟೂ ಏರುತ್ತದೆ. ಇಲಾಖೆ ಆ ವರ್ಷದ ಅಸೆಸ್‌ಮೆಂಟ್ ಶುರು ಮಾಡಿಬಿಟ್ಟರೆ ಈ ಬಾಗಿಲೂ ಮುಚ್ಚುತ್ತದೆ.

ಈ ವರ್ಷದ ರಿಟರ್ನ್ ಕೂಡ ಅವನೇ ಹಾಕಿದ್ದರೆ ಡಿಸೆಂಬರ್ 31ರೊಳಗೆ ನೀವೇ ತಿದ್ದಿ ಸಲ್ಲಿಸಬಹುದು, ಹೆಚ್ಚುವರಿ ಏನೂ ಇಲ್ಲ. ಇವತ್ತೇ ಪಾಸ್‌ವರ್ಡ್ ಬದಲಿಸಿ. ಪೋರ್ಟಲ್‌ನಲ್ಲಿರುವ ಇಮೇಲ್ ನಿಮ್ಮದೇ ಎಂದು ನೋಡಿ. ಇವರು ತಮ್ಮದೊಂದು ಇಮೇಲ್ ಹಾಕಿಡುತ್ತಾರೆ, ನೋಟಿಸ್ ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಪ್ಲಟೂನಿನ ಬೇರೆಯವರಿಗೂ ಹೇಳಿ. ಇದನ್ನು ಬೇಕಾದರೆ 10 ಜನರಿಗೆ ಕಳಿಸಿ.

ಗೋಕಾಕ ಸುಬೇದಾರ್ (ನಿವೃತ್ತ): ಬೋನಸನ್ನು ಗಿಫ್ಟ್ ಅಂತ ತೋರಿಸಿದರೆ 50,000 ತನಕ ತೆರಿಗೆ ಇಲ್ಲ ಅಂತ ಒಬ್ಬರು ಹೇಳಿದ್ದಾರೆ. ಮಿಲಿಟರಿ ಸರ್ವಿಸ್ ಪೇ ಕೂಡ ಮಾಫಿ ಅಂತೆ. ಅವರು ದೊಡ್ಡ ಲಾಯರ್.

ಸಿಎ ಮೇಡಂ: ಸಂಬಳ ಕೊಡುವವರು ಕೊಟ್ಟ ನಗದು ಗಿಫ್ಟ್ ಆಗುವುದಿಲ್ಲ. ಮಿಲಿಟರಿ ಸರ್ವಿಸ್ ಪೇ, ಜವಾನರಿಗೆ 5,200, ಅದಕ್ಕೂ ಪೂರ್ತಿ ತೆರಿಗೆ ಇದೆ. ಆ ಲಾಯರ್ ಹೆಸರು ಬೇಡ, ಅವರ ಸಲಹೆಯೂ ಬೇಡ.

ಚಿಕ್ಕೋಡಿ ಎಕ್ಸ್ ನಾಯಕ್: ನನಗೆ ಅರ್ಥ ಆಗದ್ದು ಇಷ್ಟೇ. ನಮ್ಮೂರಲ್ಲಿ ಕಾರ್ಖಾನೆಗೆ ನೂರಾರು ಟನ್ ಕಬ್ಬು ಹಾಕಿದವನಿಗೆ ತೆರಿಗೆ ಇಲ್ಲ. ಹಿಮದಲ್ಲಿ ನಿಂತವನ 6,908ಕ್ಕೆ ಇದೆ. ಇದು ಯಾವ ನ್ಯಾಯ?

ರಾಯಬಾಗ ರೈತ: ಕಬ್ಬಿನ ವಿಷಯಕ್ಕೆ ಬರಬೇಡಿ. ಬಿಲ್ ಯಾವಾಗ ಬರುತ್ತೆ ಅಂತ ಕಾರ್ಖಾನೆ ಗೇಟಿಗೆ ನಾವು ನಿಲ್ಲೋದು ನಿಮಗೇನು ಗೊತ್ತು? ನಿಮಗೆ ಒಂದನೇ ತಾರೀಖು ಸಂಬಳ, ಕ್ಯಾಂಟೀನ್, ಪಿಂಚಣಿ. ನಮ್ಮ ಮನೆಯಲ್ಲೂ ಇಬ್ಬರು ಫೌಜಿಗಳಿದ್ದಾರೆ, ಅವರು ಹೀಗೆ ಅಳೋದಿಲ್ಲ.

ಚಿಕ್ಕೋಡಿ ಎಕ್ಸ್ ನಾಯಕ್: ಅಳೋದು ಯಾರು? ಲೆಕ್ಕ ಕೇಳಿದೆ. ಸಾಲ ಮನ್ನಾ ಆದಾಗ ಯಾರು ಕುಣಿದರು ಅದೂ ಹೇಳಿ.

ರಾಯಬಾಗ ರೈತ: ನಿಮ್ಮ ಹೊಲ ಇಲ್ವಾ? ನಿಮ್ಮ ಕಬ್ಬು ಯಾರ ಹೆಸರಲ್ಲಿ ಹೋಗುತ್ತೆ, ಇಡೀ ಊರಿಗೆ ಗೊತ್ತು.

ಸಿಎ ಮೇಡಂ: ನಿಮ್ಮ ಜಗಳದಲ್ಲಿ ಒಂದು ಕೆಲಸದ ವಿಷಯ ಇದೆ, ಅದನ್ನು ಹೇಳಿಬಿಡುತ್ತೇನೆ. ಹೊಲ ಇರುವ ಫೌಜಿಗಳು ಕೃಷಿ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ವರ್ಷಕ್ಕೆ 5,000 ದಾಟಿದರೆ ಐಟಿಆರ್-1 ಫಾರ್ಮ್ ನಡೆಯುವುದಿಲ್ಲ, ಐಟಿಆರ್-2 ಬೇಕು. ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲ ನಿಜ. ಆದರೆ ನಿಮ್ಮ ಸಂಬಳಕ್ಕೆ ಯಾವ ದರ ಎಂದು ನೋಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ತೆರಿಗೆ ಸ್ವಲ್ಪ ಏರುತ್ತದೆ. ಬೆಳಗಾವಿ ಕಡೆಯ ಫೌಜಿ ರಿಟರ್ನ್‌ಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ. ನ್ಯಾಯದ ಪ್ರಶ್ನೆ ಸಂಸತ್ತಿಗೆ ಕೇಳಿ.

ಖಾನಾಪುರ ತಮ್ಮ: ಮೇಡಂ, ನಮ್ಮ ಅಕ್ಕನ ವಿಷಯ. ಭಾವ ಆರ್ಮಿಯಲ್ಲಿದ್ದರು. 2021ರ ಮಳೆಗಾಲದಲ್ಲಿ ಈಶಾನ್ಯದಲ್ಲಿ ಪ್ರವಾಹಕ್ಕೆ ಸಿಕ್ಕವರನ್ನು ಹೊರತರುವಾಗ ದೋಣಿ ಮಗುಚಿ ತೀರಿಕೊಂಡರು. ಅಕ್ಕನಿಗೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್ ಬರುತ್ತೆ. ಈಗ ವರ್ಷಕ್ಕೆ 4.3 ಲಕ್ಷ ಆಗುತ್ತೆ. ಆಮೇಲೆ ಅವಳಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಸಂಬಳ 4.4 ಲಕ್ಷ. ಎರಡೂ ಸೇರಿಸಿ ತೆರಿಗೆ ಕಟ್ಟುತ್ತಿದ್ದಾಳೆ. ಹೋದ ವರ್ಷ 38,000ಕ್ಕೂ ಜಾಸ್ತಿ. ದುಡ್ಡನ್ನು ಅವಳ ಮೈದುನನ ಕೈಗೆ ಕೊಡುತ್ತಾಳೆ, ಅವರು ಯಾರೋ ಏಜೆಂಟ್ ಮೂಲಕ ಕಟ್ಟಿಸುತ್ತಾರೆ. ಪರಿಹಾರವಾಗಿ ಬಂದ ದೊಡ್ಡ ಮೊತ್ತಕ್ಕೂ ತೆರಿಗೆ ಬರುತ್ತೆ, ಅದನ್ನು ತೆಗೆದಿಡು ಅಂತ ಏಜೆಂಟ್ ಹೇಳಿದ್ದಾನಂತೆ. ಇದು ಸರಿನಾ?

ಸಿಎ ಮೇಡಂ: ಇದಕ್ಕೆ ನಿಧಾನವಾಗಿ ಉತ್ತರ ಬರೆಯುತ್ತೇನೆ. ಬೇರೆಯವರು ಸ್ವಲ್ಪ ತಾಳಿ.

ಮೊದಲು ಪರಿಹಾರದ ಮೊತ್ತ. ಸೇವೆಯಲ್ಲಿರುವಾಗ ತೀರಿಕೊಂಡ ನೌಕರನ ಹೆಂಡತಿಗೋ ವಾರಸುದಾರರಿಗೋ ಒಂದೇ ಸಲ ಕೊಟ್ಟ ಎಕ್ಸ್‌ಗ್ರೇಷಿಯಾ ಆದಾಯವೇ ಅಲ್ಲ. 1990ರ ಆಗಸ್ಟ್ 21ರ ಸುತ್ತೋಲೆ 573 ಇದನ್ನೇ ಹೇಳುತ್ತದೆ. ಅದನ್ನು ತೆಗೆದಿಡಬೇಕಾಗಿಲ್ಲ. ಆ ದುಡ್ಡನ್ನು ಠೇವಣಿ ಇಟ್ಟು ಬಂದ ಬಡ್ಡಿಗೆ ಮಾತ್ರ ತೆರಿಗೆ. ಅದಿದ್ದರೆ ಹೇಳಿ.

ಈಗ ಪಿಂಚಣಿ. ಸಾಮಾನ್ಯ ಫ್ಯಾಮಿಲಿ ಪೆನ್ಷನ್‌ಗೆ ತೆರಿಗೆ ಇದೆ. ಅದು ಸಂಬಳ ಅಲ್ಲ, ಇತರ ಮೂಲದ ಆದಾಯ. ಅದರಲ್ಲಿ ಮೂರನೇ ಒಂದು ಭಾಗ ಅಥವಾ ಹೊಸ ಪದ್ಧತಿಯಲ್ಲಿ 25,000, ಯಾವುದು ಕಡಿಮೆಯೋ ಅದು ಕಳೆಯುತ್ತದೆ. ಹಳೆಯದರಲ್ಲಿ 15,000. ಆದರೆ ಸೆಕ್ಷನ್ 10(19) ಇದೆ. ಕಾರ್ಯಾಚರಣೆಯ ಕರ್ತವ್ಯದಲ್ಲಿ ತೀರಿಕೊಂಡವರ ಹೆಂಡತಿ, ಮಕ್ಕಳಿಗೆ ಬರುವ ಫ್ಯಾಮಿಲಿ ಪೆನ್ಷನ್ ಪೂರ್ತಿ ತೆರಿಗೆ ಮುಕ್ತ. ಹೊಸ ಪದ್ಧತಿಯಲ್ಲೂ ಇದು ಉಳಿದಿದೆ.

ಇಲ್ಲಿ ಎಲ್ಲರೂ ಒಂದು ಕಡೆ ಜಾರುತ್ತಾರೆ. ಪಿಂಚಣಿ ಆದೇಶದಲ್ಲಿ ಲಿಬರಲೈಸ್ಡ್ (ಯುದ್ಧ, ಕಾರ್ಯಾಚರಣೆಯಲ್ಲಿ ತೀರಿಕೊಂಡವರ ಮನೆಯವರಿಗೆ ಕೊಡುವ ಹೆಚ್ಚಿನ ಪಿಂಚಣಿ) ಎಂದಿದ್ದರೆ ಮಾತ್ರ ಮಾಫಿ, ಸ್ಪೆಷಲ್ ಎಂದಿದ್ದರೆ ಇಲ್ಲ ಅಂದುಕೊಳ್ಳುತ್ತಾರೆ. ನಿಮ್ಮ ಏಜೆಂಟ್ ಹಾಗೆ ಯೋಚಿಸಿರಬಹುದು, ಅಥವಾ ಯೋಚಿಸದೇ ಇರಬಹುದು. ತೆರಿಗೆ ಕಾನೂನು ಪಿಂಚಣಿಯ ಹೆಸರನ್ನು ನೋಡುವುದಿಲ್ಲ, ಸಾವಿನ ಸಂದರ್ಭವನ್ನು ನೋಡುತ್ತದೆ. ಆ ಸಂದರ್ಭಗಳು ನಿಯಮ 2ಬಿಬಿಎ ಒಳಗೆ ಇವೆ. ಭಯೋತ್ಪಾದಕರ ದಾಳಿ, ಯುದ್ಧ, ಗಡಿ ಚಕಮಕಿ, ಮೈನ್ ಹಾಕುವುದು ತೆಗೆಯುವುದು, ವಿದೇಶದ ಶಾಂತಿ ಪಡೆ. ಜೊತೆಗೆ ಪ್ರಕೃತಿ ವಿಕೋಪ ಮತ್ತು ರಕ್ಷಣಾ ಕೆಲಸದಲ್ಲಿ ನಾಗರಿಕ ಆಡಳಿತಕ್ಕೆ ನೆರವು. ಭಾವನವರದು ಈ ಕೊನೆಯದಕ್ಕೆ ಹೊಂದುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ನನಗೆ ಅನಿಸಿದರೆ ಸಾಲದು. ಅವರು ಕೊನೆಗೆ ಕೆಲಸ ಮಾಡಿದ ಇಲಾಖೆಯ ಮುಖ್ಯಸ್ಥರು ಅಥವಾ ಸೇನಾ ಕೇಂದ್ರ ಕಚೇರಿ ಅದನ್ನು ದೃಢೀಕರಿಸಿ ಪತ್ರ ಕೊಡಬೇಕು. ಆ ಪತ್ರ ಇದೆಯಾ? ಇಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ (ಸೇನೆಯ ದಾಖಲೆ ಕಚೇರಿ) ಬರೆಯಿರಿ.

ಪತ್ರ ಇದ್ದರೆ ಈ ವರ್ಷ ಪಿಂಚಣಿಯನ್ನು ವಿನಾಯಿತಿ ಆದಾಯದ ಕಾಲಂನಲ್ಲಿ 10(19) ಎಂದು ಆರಿಸಿ ತೋರಿಸುವುದು. ಉಳಿಯುವ 4.4 ಲಕ್ಷ ಸಂಬಳಕ್ಕೆ ರಿಬೇಟ್ (ತೆರಿಗೆ ರಿಯಾಯಿತಿ) ಸಿಕ್ಕಿ ತೆರಿಗೆ ಸೊನ್ನೆ. ಹಿಂದಿನ ವರ್ಷಗಳದ್ದು ಕಷ್ಟ, ಆದರೆ ಮುಗಿದಿಲ್ಲ. ತಿದ್ದುವ ರಿಟರ್ನ್‌ನ ಗಡುವು ಹೋಗಿದೆ. ಐಟಿಆರ್-ಯುನಲ್ಲಿ ತೆರಿಗೆ ಕಡಿಮೆ ಮಾಡಿಕೊಳ್ಳಲು ಬರುವುದಿಲ್ಲ. ಸೆಕ್ಷನ್ 119(2)(ಬಿ) ಅಡಿ ತಡವಾದದ್ದನ್ನು ಮನ್ನಿಸಿ ಎಂದು ಆಯುಕ್ತರಿಗೆ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಆ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದ ತನಕ ಅವಕಾಶ ಇದೆ. ಅಂದರೆ ಅಕ್ಕನ ಎಲ್ಲಾ ವರ್ಷಗಳೂ ಇನ್ನೂ ಒಳಗೇ ಇವೆ.

ನನಗೆ ಚಿಂತೆ ಆಗಿರುವುದು ಬೇರೆ. ಅಕ್ಕ ನಗದು ಕೊಡುತ್ತಾರೆ, ಮೈದುನ ಏಜೆಂಟ್‌ಗೆ ಕೊಡುತ್ತಾರೆ. ಆ ಹಣ ಸರ್ಕಾರಕ್ಕೆ ಮುಟ್ಟಿದೆಯಾ? ಪೋರ್ಟಲ್‌ನಲ್ಲಿ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆಗೆಯಿರಿ. ಅವರು ಕೊಟ್ಟ ಪ್ರತಿ ಮೊತ್ತಕ್ಕೂ ಅಲ್ಲಿ ಒಂದು ಚಲನ್ ಕಾಣಬೇಕು. ಪೋರ್ಟಲ್ ಪಾಸ್‌ವರ್ಡ್ ಯಾರ ಕೈಯಲ್ಲಿದೆ, ಅದನ್ನೂ ಕೇಳಿ.

ಬೀಡಿ ಮೈದುನ: ಯಾರ ಮನೆ ವಿಷಯ ಅಂತ ಓದಿದ ತಕ್ಷಣ ಗೊತ್ತಾಯ್ತು. ಅಣ್ಣ ಹೋದ ಮೇಲೆ ಕಚೇರಿ ಕಚೇರಿ ಅಲೆದವನು ನಾನು. ಆಗ ಈ ತಮ್ಮ ಎಲ್ಲಿದ್ದ? ಈಗ ಗುಂಪಿನಲ್ಲಿ ಹಾಕಿ ನನ್ನನ್ನು ಕಳ್ಳ ಮಾಡ್ತಾನೆ.

ಖಾನಾಪುರ ತಮ್ಮ: ಯಾರೂ ಕಳ್ಳ ಅಂದಿಲ್ಲ. ಚಲನ್ ತೋರಿಸಿ ಅಂದರೆ ಸಾಕು.

ಬೀಡಿ ಮೈದುನ: ಚಲನ್ ಏಜೆಂಟ್ ಹತ್ತಿರ ಇದೆ.

ಬೈಲಹೊಂಗಲ ಎಕ್ಸ್ ಹವಾಲ್ದಾರ್: ಏಜೆಂಟ್ ಹತ್ತಿರ ಯಾಕೆ ಇರಬೇಕು? ವೀರ ನಾರಿಯ (ಹುತಾತ್ಮ ಸೈನಿಕನ ಹೆಂಡತಿ) ದುಡ್ಡು ಅದು.

ಗೋಕಾಕ ಸುಬೇದಾರ್ (ನಿವೃತ್ತ): ಮನೆ ವಿಷಯ ಮನೆಯಲ್ಲಿ ಇಟ್ಟುಕೊಳ್ಳಿ. ಫೌಜಿ ಗುಂಪಿನ ಮರ್ಯಾದೆ ಹೋಗುತ್ತೆ.

ಬೈಲಹೊಂಗಲ ಎಕ್ಸ್ ಹವಾಲ್ದಾರ್: ಸಾಹೇಬರೇ, ಅಮೆರಿಕದ ಫಾರ್ವರ್ಡ್ ಹಾಕಿದಾಗ ಮರ್ಯಾದೆ ಎಲ್ಲಿ ಹೋಗಿತ್ತು?

ಕಾಗವಾಡ ಬಿಎಸ್‌ಎಫ್ ಮನೆಯವರು: ಇಲ್ಲಿ ಎಲ್ಲಾ ಆರ್ಮಿಯವರದ್ದೇ. ನಮ್ಮ ಯಜಮಾನರು ಬಿಎಸ್‌ಎಫ್. ನಮಗೂ ಈ 10(19), ಬೋನಸ್ ಎಲ್ಲಾ ಅನ್ವಯ ಆಗುತ್ತಾ ಅಂತ ಯಾರೂ ಹೇಳೋದಿಲ್ಲ.

ಗೋಕಾಕ ಸುಬೇದಾರ್ (ನಿವೃತ್ತ): ಬಿಎಸ್‌ಎಫ್ ಗೃಹ ಇಲಾಖೆಗೆ ಬರುತ್ತೆ. ಅದು ಫೌಜ್ ಅಲ್ಲ, ನಿಯಮ ಬೇರೆ.

ಕಾಗವಾಡ ಬಿಎಸ್‌ಎಫ್ ಮನೆಯವರು: ಗಡಿಯಲ್ಲಿ ಮೊದಲು ಗುಂಡು ತಿನ್ನೋದು ಯಾರು ಅಂತ ನಿಮ್ಮ ಫಾರ್ವರ್ಡ್‌ನಲ್ಲಿ ಬರೆದಿಲ್ವಾ?

ಗೋಕಾಕ ಸುಬೇದಾರ್ (ನಿವೃತ್ತ): ಹೆಣ್ಣುಮಕ್ಕಳ ಜೊತೆ ವಾದ ಮಾಡೋದಿಲ್ಲ.

ಸಿಎ ಮೇಡಂ: ನಾನೂ ಹೆಣ್ಣುಮಗಳೇ, ಸಾಹೇಬರೇ, ಬೆಳಗ್ಗೆಯಿಂದ ನನ್ನ ಜೊತೆ ವಾದ ಮಾಡುತ್ತಿದ್ದೀರಿ. 10(19)ರಲ್ಲಿ "ಅರೆಸೇನಾ ಪಡೆಗಳೂ ಸೇರಿ" ಎಂದು ಸ್ಪಷ್ಟವಾಗಿ ಬರೆದಿದೆ. ಬಿಎಸ್‌ಎಫ್ ಸೇರುತ್ತದೆ. 6,908 ಬೋನಸ್ ಕೂಡ.

ಮೂಡಲಗಿ ಎಕ್ಸ್ ನಾಯಕ್: ನನಗೆ ಡಿಸಬಿಲಿಟಿ ಪೆನ್ಷನ್ ಇದೆ. ಸರ್ವಿಸ್ ಪೂರ್ತಿ ಮಾಡಿ ನಿವೃತ್ತಿ ಆದವನು. ತೆರಿಗೆ ಇದೆಯಾ?

ಸಿಎ ಮೇಡಂ: ಸೇವೆಯಿಂದ ಆದ ಅಂಗವೈಕಲ್ಯಕ್ಕಾಗಿಯೇ ಹೊರಬಂದವರಿಗೆ ಮಾತ್ರ ವಿನಾಯಿತಿ, ಅವಧಿ ಪೂರ್ಣಗೊಳಿಸಿ ನಿವೃತ್ತರಾದವರಿಗೆ ಇಲ್ಲ ಎಂದು 2019ರ ಜೂನ್ 24ರ ಸುತ್ತೋಲೆ ಹೇಳುತ್ತದೆ. ಅದು ಕೋರ್ಟ್ ಮೆಟ್ಟಿಲೇರಿದೆ. ನಿಮ್ಮ ಬಿಡುಗಡೆ ಪತ್ರ ನೋಡದೆ ಇಲ್ಲಿ ಹೇಳುವುದಿಲ್ಲ.

ಸಾಂಬ್ರಾ ಏರ್‌ಮನ್: ಎಲ್‌ಟಿಸಿ (ರಜೆ ಪ್ರವಾಸದ ಸೌಲಭ್ಯ) ಜೊತೆ ಹತ್ತು ದಿನದ ರಜೆ ಮಾರಿದ ದುಡ್ಡಿಗೆ?

ಸಿಎ ಮೇಡಂ: ಸೇವೆಯಲ್ಲಿರುವಾಗ ತೆರಿಗೆ ಇದೆ. ನಿವೃತ್ತಿಯಲ್ಲಿ ಬಂದರೆ ಇಲ್ಲ.

ನಿಪ್ಪಾಣಿ ಸಿಪಾಯಿ: ಹೊಸ ಆದಾಯ ತೆರಿಗೆ ಕಾಯ್ದೆ ಬಂತಲ್ಲ, ಈಗ 12 ಲಕ್ಷದ ತನಕ ತೆರಿಗೆ ಇಲ್ಲ. ಹಾಗಾದರೆ ಈ ಸಲ ರಿಟರ್ನ್ ಯಾಕೆ? ಬೋನಸ್‌ಗೂ ಇಲ್ಲ ಅಲ್ವಾ?

ಸಿಎ ಮೇಡಂ: ಮೂರು ತಪ್ಪು ಒಂದೇ ಸಾಲಿನಲ್ಲಿ. ಹೊಸ ಕಾಯ್ದೆ 2026ರ ಏಪ್ರಿಲ್‌ನಿಂದ. 12 ಲಕ್ಷ ಈಗ ನಡೆಯುತ್ತಿರುವ ವರ್ಷಕ್ಕೆ. ನೀವು ಈಗ ಸಲ್ಲಿಸುವುದು 2025ರ ಮಾರ್ಚ್‌ಗೆ ಮುಗಿದ ವರ್ಷದ್ದು, ಅದಕ್ಕೆ ಮಿತಿ 7 ಲಕ್ಷ. ಬೋನಸ್ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ಹಿಂಡಲಗಾ ಮನೆಯವರು: ಮೇಡಂ, ಲೆಬನಾನ್ ಭತ್ಯೆ ಬಗ್ಗೆ ಕೇಳಿದ್ದೆ. ಮೇಲೆ ಹೋಗಿಬಿಟ್ಟಿದೆ.

ಚಿಕ್ಕೋಡಿ ಎಕ್ಸ್ ನಾಯಕ್: ನನ್ನ ಹೊಲ ನನ್ನ ತಾಯಿ ಹೆಸರಲ್ಲಿದೆ. ಊರಿಗೆ ಗೊತ್ತು ಅಂದವರು ಉತಾರ (ಪಹಣಿ) ತೆಗೆದು ನೋಡಿ.

ರಾಯಬಾಗ ರೈತ: ತಾಯಿ ಹೆಸರಲ್ಲಿ ಹೊಲ, ಮಗನ ಖಾತೆಗೆ ಬಿಲ್. ಸರಿ ಬಿಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಕಬ್ಬಿನ ಮೆಸೇಜ್ ಬಂದರೆ ಗುಂಪಿನಿಂದ ತೆಗೀತೀನಿ.

ಖಾನಾಪುರ ತಮ್ಮ: ಮೇಡಂ, ಅಕ್ಕನ ಮನೆಗೆ ಹೋಗಿದ್ದೆ. ಯುನಿಟ್‌ನಿಂದ ಬಂದ ಪತ್ರ ಸಿಕ್ಕಿದೆ. ಪ್ರವಾಹ ಪರಿಹಾರದಲ್ಲಿ ನಾಗರಿಕ ಆಡಳಿತಕ್ಕೆ ನೆರವು ಕೊಡುವಾಗ ಅಂತ ಸ್ಪಷ್ಟವಾಗಿದೆ, ಕಮಾಂಡಿಂಗ್ ಆಫೀಸರ್ ಸಹಿ ಇದೆ. ಪಾಸ್‌ವರ್ಡ್ ಬದಲಿಸಿ ಒಳಗೆ ಹೋದೆವು. ಎಐಎಸ್‌ನಲ್ಲಿ ಒಂದು ವರ್ಷಕ್ಕೆ ಮಾತ್ರ ಚಲನ್ ಇದೆ. ಹೋದ ವರ್ಷದ್ದು ಇಲ್ಲ. ಬಾಕಿ ಕಟ್ಟಿ ಅಂತ ಡಿಮ್ಯಾಂಡ್ ತೋರಿಸುತ್ತಿದೆ, ಬಡ್ಡಿ ಬೇರೆ. ಅಕ್ಕ ದುಡ್ಡು ಕೊಟ್ಟಿದ್ದು ನಿಜ, ಬ್ಯಾಂಕಿನಿಂದ ತೆಗೆದ ದಿನ ಪಾಸ್‌ಬುಕ್‌ನಲ್ಲಿದೆ.

ಬೀಡಿ ಮೈದುನ: ನಾನು ಪೂರ್ತಿ ಅವನ ಕೈಗೆ ಕೊಟ್ಟಿದ್ದೀನಿ. ನಾಳೆ ಅವನ ಅಂಗಡಿಗೆ ಹೋಗಿ ಕೇಳ್ತೀನಿ.

ಸಿಎ ಮೇಡಂ: ಹೋಗಿ ಜಗಳ ಆಡಬೇಡಿ. ಅವನಿಗೆ ಕೊಟ್ಟದ್ದಕ್ಕೆ ಫೋನ್‌ಪೇ, ಮೆಸೇಜ್, ಚೀಟಿ ಏನಿದ್ದರೂ ಮೊದಲು ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ನೀವು ಹೋಗಿ ಬಂದ ಮೇಲೆ ಅವು ಇರುವುದಿಲ್ಲ.

ತಮ್ಮನಿಗೆ: ಡಿಮ್ಯಾಂಡ್ ಎಂದು ಹೆದರಿ ಈಗಲೇ ಕಟ್ಟಬೇಡಿ. ಪೋರ್ಟಲ್‌ನಲ್ಲಿ ಅದಕ್ಕೆ ಒಪ್ಪುವುದಿಲ್ಲ ಎಂದು ಉತ್ತರ ಹಾಕೋಣ. ತಡ ಮನ್ನಿಸುವ ಅರ್ಜಿ ಮಂಜೂರಾದರೆ ಆ ತೆರಿಗೆಯೇ ಬಿದ್ದುಹೋಗುತ್ತದೆ, ಬಡ್ಡಿಯೂ. ಚಲನ್ ಇರುವ ವರ್ಷದ್ದು ರಿಫಂಡ್ ಕೇಳುವುದು. ಆ ಪತ್ರದಲ್ಲಿ ಕಮಾಂಡಿಂಗ್ ಆಫೀಸರ್ ಸಹಿ ಇದೆ ಅಂದಿರಿ. ಮೇಲಿನ ಕಚೇರಿಯ ದೃಢೀಕರಣವೂ ಬೇಕಾಗಬಹುದು. ಅದನ್ನು ರೆಕಾರ್ಡ್ಸ್‌ನಿಂದ ತರಿಸಲು ಇವತ್ತೇ ಪತ್ರ ಹಾಕಿ. ಬರುವುದು ತಡವಾದರೂ ಈ ವರ್ಷದ ರಿಟರ್ನ್ ಸೆಪ್ಟೆಂಬರ್ 15ರೊಳಗೆ ಹೋಗಲೇಬೇಕು.

ಅಕ್ಕನನ್ನು ಸೋಮವಾರ ಬೆಳಗ್ಗೆ ಕರೆದುಕೊಂಡು ಬನ್ನಿ. ಪತ್ರ, ಪಿಂಚಣಿ ಆದೇಶ, ಪಾಸ್‌ಬುಕ್, ಕಚೇರಿಯ ಫಾರ್ಮ್ 16. ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಇನ್ನೂ ಏಜೆಂಟ್‌ದೇ ಇದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಓಟಿಪಿ ಅವನಿಗೇ ಹೋಗುತ್ತದೆ.